ಬೂತಾಯಿ, ಬಿಸಿಲು ಮತ್ತು ಅಜ್ಜನ ಹೃದಯ

(ಮಕ್ಕಳೇ, ನಾವು ತಿಂದ ಆಹಾರ ದೇಹದೊಳಗೆ ಹೋಗಿ ಏನು ಮಾಡುತ್ತದೆ? ಹೊಟ್ಟೆ ತುಂಬಿಸುವುದಷ್ಟೇ ಅದರ ಕೆಲಸವೇ? ಪುಟ್ಟಿಯ ಮನೆಯಲ್ಲಿ ಒಂದು ಭಾನುವಾರ ನಡೆದ ಮಾತುಕತೆಯನ್ನು ಓದಿರಿ.)

"ಪೋಂ... ಪೋಂ..."

ಗೇಟಿನ ಬಳಿ ಮೀನು ಮಾರುವವರ ಹಾರ್ನ್ ಕೇಳಿಸಿತು. ಪುಟ್ಟಿ ಪಾತ್ರೆ ಹಿಡಿದುಕೊಂಡು ಓಡಿದಳು.

"ಇವತ್ತು ಏನು ಮೀನು ಉಂಟು?"

"ಬೂತಾಯಿ ಉಂಟು, ಬಂಗುಡೆ ಉಂಟು ಮಗಾ. ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು."

ಕಾಸರಗೋಡಿನಲ್ಲಿ ಒಂದೊಂದು ಮೀನಿಗೆ ಎರಡೆರಡು ಹೆಸರು. ತುಳುವಿನಲ್ಲಿ ಬೂತಾಯಿ ಎನ್ನುವ ಮೀನು ಮಲೆಯಾಳದಲ್ಲಿ ಮತ್ತಿ. ಬಂಗುಡೆ ಅಲ್ಲಿ ಐಲ. ಹೆಸರು ಯಾವುದಾದರೂ ರುಚಿ ಒಂದೇ. ಪುಟ್ಟಿ ಬೂತಾಯಿ ಕೊಂಡು ಒಳಗೆ ಬಂದಳು.

ಜಗಲಿಯಲ್ಲಿ ಅಜ್ಜ ಒಂದು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದರ ತುಂಬ ಹಳದಿ ಬಣ್ಣದ, ಹೊಳೆಯುವ ಕ್ಯಾಪ್ಸೂಲುಗಳು.

"ಇದೇನಜ್ಜಾ?"

"ಮೀನೆಣ್ಣೆಯಂತೆ. ಗಲ್ಫಿನಿಂದ ಬಂದ ನೆಂಟರು ಕೊಟ್ಟದ್ದು. ಇದನ್ನು ದಿನಕ್ಕೊಂದು ನುಂಗಿದರೆ ಹೃದಯಕ್ಕೆ ಏನೂ ಆಗುವುದಿಲ್ಲವಂತೆ. ಇನ್ನು ಆಸ್ಪತ್ರೆಯ ಮಾತ್ರೆಗಳನ್ನೆಲ್ಲ ಬಿಟ್ಟುಬಿಡೋಣ ಎಂದು ಯೋಚಿಸುತ್ತಿದ್ದೇನೆ."

ಪುಟ್ಟಿಗೆ ಗಾಬರಿಯಾಯಿತು. ಕಳೆದ ಮಳೆಗಾಲದಲ್ಲಿ ಅಜ್ಜನಿಗೆ ಹೃದಯಾಘಾತವಾಗಿತ್ತು. ನಡುರಾತ್ರಿ ಜೀಪು ತರಿಸಿ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದೆಂದು ವೈದ್ಯರು ಹೇಳಿದ್ದರು.

"ಅತ್ತೆ ಬರಲಿ ಅಜ್ಜಾ. ಅವರನ್ನು ಕೇಳಿಯೇ ನಿಲ್ಲಿಸಿ" ಎಂದಳು ಪುಟ್ಟಿ.

ಅತ್ತೆ ಆಸ್ಪತ್ರೆಯಲ್ಲಿ ನರ್ಸ್. ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಕುಳಿತರು. ಆಚೆಮನೆಯ ಕಿಟ್ಟುವೂ ಬಂದ. ಅವನ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆದರೆ ಕತೆ ಕೇಳುವುದೆಂದರೆ ಅವನಿಗೆ ಬಹಳ ಇಷ್ಟ.

ಪುಟ್ಟಿ ನಡೆದುದನ್ನೆಲ್ಲ ಹೇಳಿದಳು. ಅತ್ತೆ ಡಬ್ಬಿಯನ್ನು ಕೈಗೆ ತೆಗೆದುಕೊಂಡರು.

"ಅಪ್ಪಾ, ಮೀನೆಣ್ಣೆ ನಿಮಗೆ ಹೊಸದಲ್ಲವಲ್ಲ?"

ಅಜ್ಜ ನಕ್ಕರು. "ನಾವು ಸಣ್ಣವರಿದ್ದಾಗ ಬೂತಾಯಿಯ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಮರ ಬೇಗ ಹಾಳಾಗುವುದಿಲ್ಲ ಎಂದು. ಮೀನು ಹೆಚ್ಚು ಸಿಕ್ಕಿದ ವರ್ಷ ತೆಂಗಿನ ಬುಡಕ್ಕೂ ಹಾಕುತ್ತಿದ್ದೆವು. ಅದನ್ನು ಕ್ಯಾಪ್ಸೂಲಿನಲ್ಲಿ ತುಂಬಿಸಿ ಮಾರುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು!"

"ಆ ಎಣ್ಣೆಯಲ್ಲಿ ಏನುಂಟು ಅತ್ತೇ?" ಪುಟ್ಟಿ ಕೇಳಿದಳು.

"ಮುಖ್ಯವಾಗಿ ಒಮೆಗಾ-3 ಎಂಬ ಕೊಬ್ಬು. ಬೂತಾಯಿ, ಬಂಗುಡೆಯಂತಹ ಎಣ್ಣೆಯ ಮೀನುಗಳಲ್ಲಿ ಇದು ಹೆಚ್ಚು. ಇವುಗಳಲ್ಲಿ ವಿಟಮಿನ್ ಡಿ ಕೂಡ ಇರುತ್ತದೆ. ಆದರೆ ಈ ಒಮೆಗಾ-3 ಹೆಚ್ಚಾಗಿ ಮೀನು ತಾನೇ ತಯಾರಿಸಿದ್ದಲ್ಲ. ಕಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಅವು ಬಿಸಿಲಿನ ಸಹಾಯದಿಂದ ಇದನ್ನು ತಯಾರಿಸುತ್ತವೆ. ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ. ಇವೆರಡನ್ನೂ ಬೂತಾಯಿ ತಿನ್ನುತ್ತದೆ. ಬೂತಾಯಿಯನ್ನು ನಾವು ತಿನ್ನುತ್ತೇವೆ."

"ಹಾಗಾದರೆ ನಾವು ಪಾಚಿ ತಿಂದ ಹಾಗೆಯೇ!" ಎಂದ ಕಿಟ್ಟು. ಎಲ್ಲರೂ ನಕ್ಕರು.

"ನಮ್ಮ ದೇಹದೊಳಗೆ ಹೋದ ಮೇಲೆ ಅದು ಏನು ಮಾಡುತ್ತದೆ?" ಪುಟ್ಟಿ ಬಿಡಲಿಲ್ಲ.

ಅತ್ತೆ ಒಳಗಿನಿಂದ ಅಮ್ಮನ ಅಡುಗೆ ಪುಸ್ತಕವನ್ನು ತಂದರು.

"ನಮ್ಮ ದೇಹ ಕೋಟಿಗಟ್ಟಲೆ ಜೀವಕೋಶಗಳಿಂದ ಆಗಿದೆ. ಬಹುತೇಕ ಎಲ್ಲ ಜೀವಕೋಶಗಳ ನಡುವೆ ಕೋಶಕೇಂದ್ರವಿದೆ. ಅದರೊಳಗೆ ಡಿ.ಎನ್.ಎ. ಎಂಬ ಎಳೆಗಳಿವೆ. ಅದನ್ನು ಒಂದು ಅಡುಗೆ ಪುಸ್ತಕ ಎಂದು ತಿಳಿದುಕೊಳ್ಳಿ. ಪುಸ್ತಕದಲ್ಲಿ ಒಂದೊಂದು ಅಡುಗೆಗೆ ಒಂದೊಂದು ಪುಟವಿದೆಯಲ್ಲವೇ? ಹಾಗೆಯೇ ಡಿ.ಎನ್.ಎ.ಯಲ್ಲಿ ಒಂದೊಂದು ಪ್ರೋಟೀನನ್ನು ತಯಾರಿಸುವ ವಿಧಾನಕ್ಕೆ ಒಂದೊಂದು ಭಾಗವಿದೆ. ಅದನ್ನು ವಂಶವಾಹಿ ಅಥವಾ ಜೀನ್ ಎನ್ನುತ್ತಾರೆ. ಮನುಷ್ಯನಲ್ಲಿ ಇಂತಹ ಜೀನ್‌ಗಳು ಸುಮಾರು 20,000 ಇವೆ."

"ಕಣ್ಣಿನ ಜೀವಕೋಶದಲ್ಲಿಯೂ ಅದೇ ಪುಸ್ತಕ, ಹೃದಯದ ಜೀವಕೋಶದಲ್ಲಿಯೂ ಅದೇ ಪುಸ್ತಕವೇ?"

"ಹೌದು, ಪುಸ್ತಕ ಒಂದೇ. ಆದರೆ ಎಲ್ಲ ಪುಟಗಳನ್ನೂ ಒಟ್ಟಿಗೆ ಓದುವುದಿಲ್ಲ. ಉಪ್ಪಿಟ್ಟು ಮಾಡುವ ದಿನ ಅಮ್ಮ ಪಾಯಸದ ಪುಟವನ್ನು ತೆರೆಯುತ್ತಾಳೆಯೇ? ಇಲ್ಲ. ಹೃದಯದ ಕೋಶ ತನಗೆ ಬೇಕಾದ ಪುಟಗಳನ್ನು ತೆರೆದು ಓದುತ್ತದೆ. ಯಕೃತ್ತಿನ ಕೋಶ ಬೇರೆ ಪುಟಗಳನ್ನು ಓದುತ್ತದೆ. ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ತಿಳಿಸುವ ಸಂದೇಶಗಳು ಬರುತ್ತಲೇ ಇರುತ್ತವೆ. ಅಂತಹ ಕೆಲವು ಸಂದೇಶಗಳು ನಾವು ತಿನ್ನುವ ಆಹಾರದಿಂದ ಬರುತ್ತವೆ."

"ಆಹಾರ ಸಂದೇಶ ಕಳುಹಿಸುತ್ತದೆಯೇ?" ಅಜ್ಜನಿಗೂ ಆಶ್ಚರ್ಯವಾಯಿತು.

"ವಿಟಮಿನ್ ಡಿಯನ್ನೇ ನೋಡಿ ಅಪ್ಪಾ. ನಮ್ಮ ಚರ್ಮದ ಮೇಲೆ ಬಿಸಿಲು ಬಿದ್ದಾಗ ಅದು ಅಲ್ಲಿಯೇ ತಯಾರಾಗುತ್ತದೆ. ಮೀನು, ಮೊಟ್ಟೆಯ ಹಳದಿ ಭಾಗಗಳಿಂದಲೂ ಸ್ವಲ್ಪ ಸಿಗುತ್ತದೆ. ಮೊದಲು ಅದು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ಬದಲಾಗುತ್ತದೆ. ಅನಂತರ ಮೂತ್ರಪಿಂಡದಲ್ಲಿ ಇನ್ನೊಮ್ಮೆ ಬದಲಾಗುತ್ತದೆ. ಆಗ ಅದು ಕೆಲಸಕ್ಕೆ ಸಿದ್ಧ. ಕರುಳಿನ ಜೀವಕೋಶದೊಳಗೆ ಅದಕ್ಕಾಗಿಯೇ ಕಾಯುತ್ತಿರುವ ಒಂದು ಪ್ರೋಟೀನು ಇದೆ. ಅದನ್ನು ಗ್ರಾಹಕ ಎನ್ನುತ್ತಾರೆ. ವಿಟಮಿನ್ ಡಿ ಬಂದು ಗ್ರಾಹಕವನ್ನು ಸೇರುವುದು, ಬೀಗಕ್ಕೆ ಕೀಲಿಕೈ ಹಾಕಿದಂತೆ. ಇವೆರಡೂ ಸೇರಿ ಡಿ.ಎನ್.ಎ.ಯ ಮೇಲೆ ಕುಳಿತು, ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಪುಟವನ್ನು ತೆರೆಯುತ್ತವೆ. ಆ ಪುಟ ತೆರೆಯದಿದ್ದರೆ ಹಾಲು ಕುಡಿದರೂ ರಾಗಿ ತಿಂದರೂ ಮೂಳೆಗೆ ಬೇಕಾದಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ."

"ಇದು ಹೇಗೆ ಗೊತ್ತಾಯಿತು?"

"ಬಹಳ ಜನರ ಶ್ರಮದಿಂದ. ನೂರು ವರ್ಷಗಳ ಹಿಂದೆ ಯೂರೋಪಿನ ನಗರಗಳಲ್ಲಿ ಕಾರ್ಖಾನೆಗಳ ಹೊಗೆ ತುಂಬಿಕೊಂಡಿತ್ತು. ಬಿಸಿಲು ಕಡಿಮೆ. ಅಲ್ಲಿ ಅನೇಕ ಮಕ್ಕಳ ಕಾಲಿನ ಮೂಳೆಗಳು ಬಿಲ್ಲಿನಂತೆ ಬಾಗುತ್ತಿದ್ದವು. ಆ ರೋಗದ ಹೆಸರು ರಿಕೆಟ್ಸ್. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆ ಕೊಟ್ಟರೆ ಈ ರೋಗ ಬರುವುದಿಲ್ಲ ಎಂದು ತೋರಿಸಿದರು. ಅದೇ ವರ್ಷ ಜರ್ಮನಿಯ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯರು ರೋಗಿ ಮಕ್ಕಳ ಮೇಲೆ ನೇರಳಾತೀತ ಕಿರಣ ಕೊಡುವ ದೀಪದ ಬೆಳಕು ಬೀಳಿಸಿ ಗುಣಪಡಿಸಿದರು. ಒಂದು ಕಡೆ ಮೀನೆಣ್ಣೆ, ಇನ್ನೊಂದು ಕಡೆ ಬೆಳಕು. ಎರಡರಿಂದಲೂ ಒಂದೇ ರೋಗ ಗುಣವಾಯಿತು! ಮೀನೆಣ್ಣೆಯಲ್ಲಿದ್ದ ಆ ವಸ್ತುವಿಗೆ 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ವಿಟಮಿನ್ ಡಿ ಎಂದು ಹೆಸರಿಟ್ಟರು."

"ಒಮೆಗಾ-3 ಕೂಡ ಪುಟ ತೆರೆಯುತ್ತದೆಯೇ?" ಕಿಟ್ಟು ಕೇಳಿದ.

"ಹೌದು. ಯಕೃತ್ತಿನ ಕೋಶದಲ್ಲಿ ಅದಕ್ಕೂ ಬೇರೆ ಗ್ರಾಹಕಗಳಿವೆ. ಅಲ್ಲಿ ಅದು ಕೊಬ್ಬನ್ನು ಉರಿಸುವ ಪುಟಗಳನ್ನು ಹೆಚ್ಚು ಓದಿಸುತ್ತದೆ. ಹೊಸ ಕೊಬ್ಬು ತಯಾರಿಸುವ ಪುಟಗಳನ್ನು ಕಡಿಮೆ ಓದಿಸುತ್ತದೆ. ಆಗ ಯಕೃತ್ತಿನಿಂದ ರಕ್ತಕ್ಕೆ ಹೋಗುವ ಒಂದು ಬಗೆಯ ಕೊಬ್ಬು ಕಡಿಮೆಯಾಗುತ್ತದೆ. ಅದರ ಹೆಸರು ಟ್ರೈಗ್ಲಿಸರೈಡ್."

"ಹಾಗಾದರೆ ಮೀನು ತಿಂದರೆ ನಮ್ಮ ಪುಸ್ತಕವೇ ಬದಲಾಗಿ ನಾವು ಮೀನಾಗುತ್ತೇವಾ?"

"ಇಲ್ಲ ಕಿಟ್ಟೂ! ಪುಸ್ತಕದ ಅಕ್ಷರಗಳು ಹಾಗೆಯೇ ಇರುತ್ತವೆ. ಯಾವ ಪುಟವನ್ನು ಎಷ್ಟು ಓದುತ್ತೇವೆ ಎಂಬುದು ಮಾತ್ರ ಬದಲಾಗುತ್ತದೆ."

ಅಜ್ಜ ಕುಳಿತಲ್ಲಿಂದ ಸ್ವಲ್ಪ ಮುಂದೆ ಬಂದರು. "ರಕ್ತದ ಕೊಬ್ಬು ಕಡಿಮೆಯಾದರೆ ನನ್ನ ಹೃದಯಕ್ಕೆ ಒಳ್ಳೆಯದೇ ಆಯಿತಲ್ಲ? ಮತ್ತೆ ಮಾತ್ರೆ ಯಾಕೆ?"

"ಅಲ್ಲಿಯೇ ಎಚ್ಚರ ಬೇಕು ಅಪ್ಪಾ" ಎಂದರು ಅತ್ತೆ. "ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದಕ್ಕೂ ರಕ್ತ ಬೇಕು. ಆ ರಕ್ತವನ್ನು ತರುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ದಪ್ಪವಾಗುತ್ತದೆ. ಸುರಂಗದ ನೀರು ತರುವ ದಂಬೆಯಲ್ಲಿ ಕೆಸರು ಕಟ್ಟಿಕೊಳ್ಳುವುದಿಲ್ಲವೇ, ಹಾಗೆ. ಒಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಬೀಡಿ ಸಿಗರೇಟು, ಹೆಚ್ಚಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಡೆಯದೆ ಕುಳಿತುಕೊಳ್ಳುವುದು, ಹೀಗೆ ಅದಕ್ಕೆ ಹಲವು ಕಾರಣಗಳಿವೆ. ಒಂದು ಕ್ಯಾಪ್ಸೂಲು ಇವೆಲ್ಲವನ್ನೂ ಸರಿಮಾಡಲಾರದು."

"ಆದರೆ ಮೀನೆಣ್ಣೆ ಹೃದಯಕ್ಕೆ ಒಳ್ಳೆಯದೆಂದು ಎಲ್ಲರೂ ಯಾಕೆ ಹೇಳುತ್ತಾರೆ?" ಎಂದಳು ಪುಟ್ಟಿ.

"ಅದಕ್ಕೊಂದು ಕತೆಯುಂಟು. 1970ರಲ್ಲಿ ಡೆನ್ಮಾರ್ಕಿನ ಹನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡೂಯರ್‌ಬೆರ್ಗ್ ಎಂಬ ವೈದ್ಯರು ಹಿಮ ತುಂಬಿದ ಗ್ರೀನ್‌ಲ್ಯಾಂಡಿಗೆ ಹೋದರು. ಅಲ್ಲಿನ ಇನ್ಯೂಟ್ ಜನರು ಸೀಲ್, ತಿಮಿಂಗಿಲ, ಮೀನುಗಳನ್ನು ತಿಂದು ಬದುಕುತ್ತಿದ್ದರು. ಇಷ್ಟು ಕೊಬ್ಬು ತಿಂದರೂ ಇವರಲ್ಲಿ ಹೃದಯಾಘಾತ ಕಡಿಮೆ ಎಂದು ಜನ ಹೇಳುತ್ತಿದ್ದರು. ವೈದ್ಯರು ಅವರ ರಕ್ತವನ್ನು ಪರೀಕ್ಷಿಸಿದರು. ಡೆನ್ಮಾರ್ಕಿನವರ ರಕ್ತಕ್ಕಿಂತ ಅದರಲ್ಲಿ ಟ್ರೈಗ್ಲಿಸರೈಡ್ ಕಡಿಮೆ ಇತ್ತು, ಒಮೆಗಾ-3 ಹೆಚ್ಚು ಇತ್ತು. ಅಂದಿನಿಂದ ಮೀನೆಣ್ಣೆ ಪ್ರಸಿದ್ಧವಾಯಿತು."

"ಅಂದರೆ ನಿಜವೇ ಆಯಿತಲ್ಲ!" ಎಂದ ಕಿಟ್ಟು.

"ವಿಜ್ಞಾನಿಗಳು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಇನ್ಯೂಟರು ದೂರದೂರದ ಹಳ್ಳಿಗಳಲ್ಲಿ ಇದ್ದವರು. ಅಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತೆಂದು ಸರಿಯಾದ ಲೆಕ್ಕವಿಟ್ಟಿದ್ದರೇ ಎಂದು ಮುಂದೆ ಕೆಲವರು ಪ್ರಶ್ನಿಸಿದರು. 2015ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಸಾವಿರಾರು ವರ್ಷ ಕಡಲಿನ ಕೊಬ್ಬನ್ನೇ ತಿಂದು ಬದುಕಿದ ಇನ್ಯೂಟರಲ್ಲಿ, ಕೊಬ್ಬನ್ನು ಬಳಸಿಕೊಳ್ಳುವ ಕೆಲವು ಜೀನ್‌ಗಳೇ ಬೇರೆ ರೂಪದಲ್ಲಿವೆ. ಅವರ ಪುಸ್ತಕದ ಕೆಲವು ಅಕ್ಷರಗಳು ಬೇರೆ. ಆದ್ದರಿಂದ ಅವರಿಗೆ ಒಗ್ಗಿದ್ದು ಎಲ್ಲರಿಗೂ ಹಾಗೆಯೇ ಒಗ್ಗುತ್ತದೆಂದು ಹೇಳಲಾಗದು."

"ಈಗಷ್ಟೇ ಅಕ್ಷರ ಬದಲಾಗುವುದಿಲ್ಲ ಎಂದಿರಿ?" ಪುಟ್ಟಿ ಕೂಡಲೇ ಕೇಳಿದಳು.

"ಒಳ್ಳೆಯ ಪ್ರಶ್ನೆ! ಒಬ್ಬ ಮನುಷ್ಯ ಮೀನು ತಿಂದ ಮಾತ್ರಕ್ಕೆ ಅವನ ಅಕ್ಷರ ಬದಲಾಗುವುದಿಲ್ಲ. ಆದರೆ ಹುಟ್ಟುವಾಗಲೇ ಜನರ ಪುಸ್ತಕಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿರುತ್ತವೆ. ಆ ಚಳಿಗೆ, ಆ ಊಟಕ್ಕೆ ಹೊಂದುವ ವ್ಯತ್ಯಾಸ ಇದ್ದವರು ಚೆನ್ನಾಗಿ ಬದುಕಿದರು. ಅವರ ಮಕ್ಕಳು ಮೊಮ್ಮಕ್ಕಳು ಹೆಚ್ಚಿದರು. ಹೀಗೆ ನೂರಾರು ತಲೆಮಾರುಗಳಲ್ಲಿ ಆ ಅಕ್ಷರಗಳು ಹೆಚ್ಚಿನವರಲ್ಲಿ ಉಳಿದುಕೊಂಡವು."

"ಮೀನು ಕೊಟ್ಟು ಪರೀಕ್ಷೆ ಮಾಡಿದವರು ಇಲ್ಲವೇ?" ಅಜ್ಜ ಕೇಳಿದರು.

"ಇದ್ದಾರೆ. ಬ್ರಿಟನ್ನಿನ ವೇಲ್ಸ್ ಎಂಬಲ್ಲಿ ನಿಮ್ಮಂತೆಯೇ ಹೃದಯಾಘಾತವಾಗಿ ಬದುಕಿ ಉಳಿದ 2,033 ಗಂಡಸರನ್ನು ಆರಿಸಿದರು. ಕೆಲವರಿಗೆ ವಾರಕ್ಕೆ ಎರಡು ಸಲವಾದರೂ ಎಣ್ಣೆಯ ಮೀನು ತಿನ್ನಲು ಹೇಳಿದರು. ಎರಡು ವರ್ಷಗಳಲ್ಲಿ, ಆ ಸಲಹೆ ಪಡೆದವರಲ್ಲಿ ಸಾವು ಶೇಕಡಾ 29ರಷ್ಟು ಕಡಿಮೆ ಇತ್ತು. ಇದು 1989ರಲ್ಲಿ ಪ್ರಕಟವಾಯಿತು. ಆದರೆ ಎದೆನೋವು ಇದ್ದ ಬೇರೆ ಗಂಡಸರ ಮೇಲೆ ಅವರೇ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆ ಪ್ರಯೋಜನ ಕಾಣಲಿಲ್ಲ. ಮುಂದೆ ಅಮೆರಿಕದಲ್ಲಿ 25,871 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅದರ ಹೆಸರು ವೈಟಲ್. ಕೆಲವರಿಗೆ ಮೀನೆಣ್ಣೆಯ ಕ್ಯಾಪ್ಸೂಲು, ಕೆಲವರಿಗೆ ವಿಟಮಿನ್ ಡಿ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ನೋಡಲು ಹಾಗೆಯೇ ಇರುವ, ಆದರೆ ಒಳಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ."

"ಯಾಕೆ ಹಾಗೆ?"

"ಔಷಧ ತಿಂದಿದ್ದೇನೆ ಎಂಬ ನಂಬಿಕೆಯಿಂದಲೇ ಕೆಲವರಿಗೆ ಹಿತವೆನಿಸುತ್ತದೆ. ಆ ನಂಬಿಕೆಯನ್ನೂ ಔಷಧದ ಗುಣವನ್ನೂ ಬೇರೆ ಬೇರೆಯಾಗಿ ತಿಳಿಯಬೇಕಲ್ಲ! ಐದು ವರ್ಷಗಳ ಬಳಿಕ, 2018ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆಗಳನ್ನು ಒಟ್ಟಾಗಿ ಎಣಿಸಿದಾಗ, ಮೀನೆಣ್ಣೆ ತಿಂದವರಿಗೂ ವಿಟಮಿನ್ ಡಿ ತಿಂದವರಿಗೂ ಔಷಧವಿಲ್ಲದ ಗುಳಿಗೆ ತಿಂದವರಿಗೂ ಹೇಳುವಂತಹ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಮೀನು ಕಡಿಮೆ ತಿನ್ನುತ್ತಿದ್ದವರಿಗೆ ಮಾತ್ರ ಮೀನೆಣ್ಣೆಯಿಂದ ಸ್ವಲ್ಪ ಪ್ರಯೋಜನವಾದಂತೆ ಕಂಡಿತು."

ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

"ಹಾಗಾದರೆ ಬೂತಾಯಿ ತಿನ್ನುವುದು ವ್ಯರ್ಥವೇ ಅತ್ತೇ?" ಪುಟ್ಟಿಯ ದನಿ ಸಣ್ಣದಾಗಿತ್ತು.

"ವ್ಯರ್ಥ ಯಾಕಾಗುತ್ತದೆ? ಮೀನೆಂದರೆ ಬರೀ ಎಣ್ಣೆಯಲ್ಲ. ಅದರಲ್ಲಿ ಒಳ್ಳೆಯ ಪ್ರೋಟೀನು ಉಂಟು. ಮೆತ್ತಗಾದ ಮುಳ್ಳಿನೊಂದಿಗೆ ತಿಂದರೆ ಕ್ಯಾಲ್ಸಿಯಂ ಉಂಟು. ಎಣ್ಣೆಯಲ್ಲಿ ಹುರಿಯುವುದಕ್ಕಿಂತ ಸಾರು ಮಾಡಿದರೆ ಒಳ್ಳೆಯದು. ವಾರಕ್ಕೆ ಎರಡು ಸಲ ಮೀನು ತಿನ್ನಿ ಎಂದು ಹೃದಯದ ವೈದ್ಯರು ಈಗಲೂ ಹೇಳುತ್ತಾರೆ. ಮೀನು ಒಳ್ಳೆಯ ಊಟ. ಆದರೆ ಊಟ ಬೇರೆ, ಚಿಕಿತ್ಸೆ ಬೇರೆ."

"ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲವಲ್ಲ. ನಮ್ಮ ಪುಟಗಳನ್ನು ಯಾರು ತೆರೆಯುತ್ತಾರೆ?" ಕಿಟ್ಟುವಿಗೆ ಚಿಂತೆಯಾಯಿತು.

"ಹೆದರಬೇಡ. ಅಗಸೆ ಬೀಜ, ಅಕ್ರೋಟುಗಳಲ್ಲಿಯೂ ಒಂದು ಬಗೆಯ ಒಮೆಗಾ-3 ಇದೆ. ನಮ್ಮ ದೇಹ ಅದರಲ್ಲಿ ಸ್ವಲ್ಪ ಭಾಗವನ್ನು ಮೀನಿನಲ್ಲಿರುವಂತಹ ಒಮೆಗಾ-3 ಆಗಿ ಬದಲಾಯಿಸಿಕೊಳ್ಳುತ್ತದೆ. ವಿಟಮಿನ್ ಡಿಗೆ ಬಿಸಿಲು ಇದ್ದೇ ಇದೆ. ಆದರೆ ಕಿಟಕಿಯ ಗಾಜಿನ ಹಿಂದೆ ಕುಳಿತರೆ ಸಾಲದು. ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಇಷ್ಟು ಬಿಸಿಲಿರುವ ನಮ್ಮ ದೇಶದಲ್ಲಿಯೂ ಬಹಳ ಜನರಿಗೆ ವಿಟಮಿನ್ ಡಿ ಕಡಿಮೆ ಇದೆ. ಹೊರಗೆ ಹೋಗಿ ಆಡಿರಿ."

ಅತ್ತೆ ಡಬ್ಬಿಯನ್ನು ಅಜ್ಜನ ಕೈಗೆ ಕೊಟ್ಟರು.

"ಅಪ್ಪಾ, ಇದನ್ನು ನುಂಗಬೇಕೋ ಬೇಡವೋ ಎಂದು ವೈದ್ಯರು ಹೇಳಲಿ. ಹೆಚ್ಚಾದರೆ ಇದರಿಂದಲೂ ತೊಂದರೆಯಾಗಬಹುದು. ವಿಟಮಿನ್ ಡಿ ಮಾತ್ರೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಮೂತ್ರಪಿಂಡ ಕೆಡುತ್ತದೆ. ಆದರೆ ನೀವು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ರಕ್ತ ಹೆಪ್ಪುಗಟ್ಟದಂತೆ, ಒತ್ತಡ ಏರದಂತೆ ದಿನವೂ ಕಾಯುತ್ತಿವೆ. ಅವನ್ನು ನಿಲ್ಲಿಸಿದರೆ ಕಾವಲುಗಾರನನ್ನು ಮನೆಗೆ ಕಳುಹಿಸಿದ ಹಾಗೆ."

ಅಜ್ಜ ಡಬ್ಬಿಯನ್ನು ನೋಡಿದರು. ಮತ್ತೆ ಪುಟ್ಟಿಯ ಮುಖ ನೋಡಿದರು.

"ಆಯಿತು. ನಾಳೆ ಆಸ್ಪತ್ರೆಗೆ ಹೋಗುವಾಗ ಇದನ್ನೂ ತೆಗೆದುಕೊಂಡು ಹೋಗೋಣ. ಅವರು ಹೇಳಿದಂತೆ ಮಾಡುತ್ತೇನೆ."

ಪುಟ್ಟಿ ಒಳಗೆ ಓಡಿದಳು. ಒಂದು ಲೋಟ ನೀರು ಮತ್ತು ಮಧ್ಯಾಹ್ನದ ಮಾತ್ರೆ ತಂದುಕೊಟ್ಟಳು. ಅಜ್ಜ ನುಂಗಿದರು. ಆಮೇಲೆ ಕೋಲು ಹಿಡಿದು ಎದ್ದರು.

"ಬನ್ನಿ ಮಕ್ಕಳೇ, ಬಿಸಿಲು ಇರುವಾಗಲೇ ಗದ್ದೆಯ ಬದಿಗೆ ಹೋಗಿ ಬರೋಣ. ನಮ್ಮ ಪುಟಗಳೂ ಸ್ವಲ್ಪ ತೆರೆಯಲಿ!"

ಪದಗಳ ಅರ್ಥ

ವಂಶವಾಹಿ – ಪ್ರೋಟೀನು ತಯಾರಿಸುವ ವಿಧಾನವನ್ನು ತಿಳಿಸುವ ಡಿ.ಎನ್.ಎ.ಯ ಭಾಗ, ಜೀನ್
ಯಕೃತ್ತು – ಪಿತ್ತಜನಕಾಂಗ, ಲಿವರ್
ಮೂತ್ರಪಿಂಡ – ಕಿಡ್ನಿ
ಸುರಂಗ – ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾವಿ
ದಂಬೆ – ಅಡಿಕೆ ಮರವನ್ನು ಸೀಳಿ ಮಾಡಿದ ನೀರಿನ ದಾರಿ
ಪಾರ್ಶ್ವವಾಯು – ಮೆದುಳಿಗೆ ರಕ್ತ ತಲುಪದೆ ದೇಹದ ಒಂದು ಭಾಗ ಸ್ವಾಧೀನ ತಪ್ಪುವ ಕಾಯಿಲೆ
ತಲೆಮಾರು – ಪೀಳಿಗೆ

ಉತ್ತರ ಬರೆಯೋಣ

1. ಅಜ್ಜ ಆಸ್ಪತ್ರೆಯ ಮಾತ್ರೆಗಳನ್ನು ಬಿಡಬೇಕೆಂದು ಯೋಚಿಸಿದ್ದು ಏಕೆ?
2. ಕಡಲಿನ ಪಾಚಿಯಿಂದ ನಮ್ಮ ಊಟದ ತಟ್ಟೆಯವರೆಗೆ ಒಮೆಗಾ-3 ಬರುವ ದಾರಿಯನ್ನು ಬರೆಯಿರಿ.
3. ವಿಟಮಿನ್ ಡಿ ಕರುಳಿನ ಕೋಶದಲ್ಲಿ ಮಾಡುವ ಕೆಲಸವೇನು?
4. ಮೀನೆಣ್ಣೆ ಮತ್ತು ಬೆಳಕು ಎರಡರಿಂದಲೂ ರಿಕೆಟ್ಸ್ ಗುಣವಾಗಲು ಕಾರಣವೇನು?
5. ವೈಟಲ್ ಪರೀಕ್ಷೆಯಲ್ಲಿ ಕೆಲವರಿಗೆ ಔಷಧವಿಲ್ಲದ ಗುಳಿಗೆಯನ್ನು ಕೊಟ್ಟದ್ದು ಏಕೆ?

ಚರ್ಚಿಸೋಣ

"ಊಟ ಬೇರೆ, ಚಿಕಿತ್ಸೆ ಬೇರೆ." ಅತ್ತೆಯ ಈ ಮಾತಿನ ಅರ್ಥವೇನು? ಗುಂಪಿನಲ್ಲಿ ಚರ್ಚಿಸಿ ಟಿಪ್ಪಣಿ ತಯಾರಿಸಿರಿ.

ಭಾಷಾ ಚಟುವಟಿಕೆ

"ಕಾವಲುಗಾರನನ್ನು ಮನೆಗೆ ಕಳುಹಿಸಿದ ಹಾಗೆ" – ಪಾಠದಲ್ಲಿ ಬಂದಿರುವ ಇಂತಹ ಹೋಲಿಕೆಗಳನ್ನು ಪಟ್ಟಿಮಾಡಿರಿ. ಯಾವುದನ್ನು ಯಾವುದಕ್ಕೆ ಹೋಲಿಸಲಾಗಿದೆ ಎಂದು ಬರೆಯಿರಿ.

ಮಾಡಿ ನೋಡೋಣ

1. ನಿಮ್ಮ ಊರಿನಲ್ಲಿ ಸಿಗುವ ಮೀನುಗಳ ಹೆಸರನ್ನು ಕನ್ನಡ, ತುಳು, ಮಲೆಯಾಳಗಳಲ್ಲಿ ಸಂಗ್ರಹಿಸಿ ಕೋಷ್ಟಕ ತಯಾರಿಸಿರಿ.
2. ಮನೆಗೆ ತರುವ ಹಾಲಿನ ಮತ್ತು ಎಣ್ಣೆಯ ಪ್ಯಾಕೆಟುಗಳನ್ನು ಓದಿರಿ. ಯಾವುದಕ್ಕೆ ವಿಟಮಿನ್ ಎ ಮತ್ತು ಡಿ ಸೇರಿಸಿದ್ದಾರೆ? ತರಗತಿಯಲ್ಲಿ ಹೇಳಿರಿ.
3. ಒಂದು ನಿಮಿಷದಲ್ಲಿ ನಿಮ್ಮ ನಾಡಿ ಎಷ್ಟು ಸಲ ಬಡಿಯುತ್ತದೆಂದು ಎಣಿಸಿರಿ. ಹತ್ತು ಸಲ ಕುಪ್ಪಳಿಸಿದ ಮೇಲೆ ಮತ್ತೊಮ್ಮೆ ಎಣಿಸಿರಿ. ವ್ಯತ್ಯಾಸವನ್ನು ಬರೆದಿಡಿರಿ.